ಮೊದಲ ಸಾಲಲ್ಲೇ ಸಿಹಿ ಬರೋ ಹಾಡು ಬೇಕು, ಹಾಡಿದ್ದನ್ನ ಬಡಿಸೋಕೂ ಆಗಬೇಕು

ಸರಸ್ವತಿಪುರಂ_ಭಜನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಬೀದಿಯ ಭಜನಾ ಮಂಡಳಿ ರಾಮನವಮಿಗೆ ಹಾಡೋದು, ಆಮೇಲೆ ಪಾನಕ, ಕೋಸಂಬರಿ, ನೀರುಮಜ್ಜಿಗೆ ಹಂಚೋದು ಹಳೇ ರೂಢಿ. ಈ ಸಲ ನನ್ನ ಸೊಸೆ ಒಂದು ಐಡಿಯಾ ಹಾಕಿದಳು: ಹಾಡಿನ ಹೆಸರಲ್ಲಿ ಯಾವ ಸಿಹಿ ಇದೆಯೋ, ಹಾಡು ಮುಗಿದ ಕೂಡಲೇ ಅದನ್ನೇ ಬಡಿಸಬೇಕು. ಎಲ್ಲರೂ ಚಪ್ಪಾಳೆ ತಟ್ಟಿ ಪಟ್ಟಿ ಮಾಡೋ ಕೆಲಸ ನನ್ನ ತಲೆಗೆ ಕಟ್ಟಿದರು.

ನಮ್ಮ ಹಾಡುಗಳಿಗೆ ಬೇರೆ ಹೆಸರು ಅಂತ ಇರಲ್ಲ, ಪಲ್ಲವಿಯ ಮೊದಲ ಸಾಲೇ ಹೆಸರು. ಹಾಗಾಗಿ ಸಿಹಿ ಅಲ್ಲೇ ಬರಬೇಕು ಅಂತ ನಿಯಮ ಮಾಡಿಕೊಂಡೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ದಲ್ಲಿ ಸಕ್ಕರೆ ತುಪ್ಪದ ಕಾಲುವೆಯೇ ಹರಿಯುತ್ತೆ, ಆದರೆ ಅದು ಚರಣದಲ್ಲಿ. ಆದ್ದರಿಂದ ಇಲ್ಲ. (ಮಂಡಳಿಯ ಹಿರಿಯರೊಬ್ಬರು ಇದಕ್ಕೆ ಇನ್ನೂ ಮುನಿಸಿಕೊಂಡಿದ್ದಾರೆ.)

ಇದುವರೆಗೆ ಸಿಕ್ಕಿದ್ದು ಪುರಂದರದಾಸರ ‘ರಾಮನಾಮ ಪಾಯಸಕ್ಕೆ ಕೃಷ್ಣನಾಮ ಸಕ್ಕರೆ’, ಅವರದ್ದೇ ‘ಕಲ್ಲುಸಕ್ಕರೆ ಕೊಳ್ಳಿರೋ’, ಮತ್ತೆ ಮಕ್ಕಳಿಗೆ ‘ಗಣೇಶ ಬಂದ ಕಾಯಿಕಡುಬು ತಿಂದ’. ರಾಮನವಮಿಗೆ ಗಣೇಶನ ಹಾಡಾ ಅಂತ ಯಾರೂ ಕೇಳಬೇಡಿ, ಯಾವ ಪೂಜೆಯಾದರೂ ಮೊದಲು ಅವನಿಗೇ ತಾನೆ. ಮೈಸೂರಲ್ಲಿ ಕೂತು ಮೈಸೂರುಪಾಕಿಗೆ ಒಂದು ಹಾಡು ಸಿಗಲಿಲ್ಲವಲ್ಲ ಅನ್ನೋದು ಬೇರೆ ಸಂಕಟ.

ಇನ್ನೂ ಮೂರ್ನಾಲ್ಕು ಹಾಡು ಬೇಕು. ಸಿನಿಮಾದ್ದಾದರೂ ಸರಿ, ಹಿರಿಯರ ಎದುರು ಹಾಡೋ ಹಾಗಿರಲಿ. ಅರವತ್ತು ಜನಕ್ಕೆ ಮನೆಯಲ್ಲೇ ಮಾಡೋಕಾಗಬೇಕು, ಅಂಗಡಿ ಡಬ್ಬಿ ಬೇಡ.

ಇನ್ನೊಂದು. ‘ರಾಮನಾಮ ಪಾಯಸ’ಕ್ಕೆ ಯಾವ ಪಾಯಸ ಮಾಡೋದು ಅಂತಲೇ ನಮ್ಮಲ್ಲಿ ಜಗಳ ಹತ್ತಿದೆ. ಒಬ್ಬರು ಹೆಸರುಬೇಳೆ ಅಂತಾರೆ, ಒಬ್ಬರು ಅಕ್ಕಿ. ಸಬ್ಬಕ್ಕಿ ಸುಲಭ ಅಂತ ನನ್ನ ವೋಟು. ನೀವೇನಂತೀರಿ?

ರೇಡಿಯೋಕಿವಿ:

ಸಿನಿಮಾ ಕಡೆಯಿಂದ ಎರಡು, ಎರಡೂ ಅಣ್ಣಾವ್ರ ಚಿತ್ರದವು. ‘ಜೇನಿನ ಹೊಳೆಯೋ ಹಾಲಿನ ಮಳೆಯೋ’, ಚಲಿಸುವ ಮೋಡಗಳು ಚಿತ್ರದ್ದು. ಚಿ. ಉದಯಶಂಕರ್ ಸಾಹಿತ್ಯ, ರಾಜನ್-ನಾಗೇಂದ್ರ ಸಂಗೀತ. ಇನ್ನೊಂದು ‘ಹಾಲು ಜೇನು ಒಂದಾದ ಹಾಗೆ’, ಹಾಲು ಜೇನು ಚಿತ್ರದ್ದು. ಮಜಾ ಏನಂದ್ರೆ ಎರಡೂ ಚಿತ್ರ 1982ರವು, ಎರಡಕ್ಕೂ ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ಆ ವರ್ಷ ಅಣ್ಣಾವ್ರ ಅಭಿಮಾನಿಗಳಿಗೆ ಜೇನಿನ ಸುಗ್ಗಿ. ನಿಮಗೂ ಕೆಲಸ ಕಡಿಮೆ: ಹಾಲಿಗೆ ಜೇನು ಬೆರೆಸಿ ಒಂದೇ ಲೋಟ ಕೊಟ್ಟರೆ ಎರಡು ಹಾಡಿನ ಲೆಕ್ಕ ಚುಕ್ತಾ.

ನಿಮ್ಮ ಸೊಸೆಗೆ ಹೇಳಿ, ಇಂಗ್ಲಿಷಲ್ಲಾದ್ರೆ ಈ ಪಟ್ಟಿ ಐದು ನಿಮಿಷದ ಕೆಲಸ. 1958ರ ‘ಲಾಲಿಪಾಪ್’, 1964ರಲ್ಲಿ ಜಮೈಕಾದ ಹುಡುಗಿ ಮಿಲಿ ಸ್ಮಾಲ್ ಹಾಡಿದ ‘ಮೈ ಬಾಯ್ ಲಾಲಿಪಾಪ್’, 1969ರ ‘ಶುಗರ್ ಶುಗರ್’. ಕೊನೆಯದು ಆರ್ಚೀಸ್ ಅನ್ನೋ ಬ್ಯಾಂಡಿನದು, ಆ ಬ್ಯಾಂಡೇ ಇರಲಿಲ್ಲ! ಕಾರ್ಟೂನು ಪಾತ್ರಗಳ ಹೆಸರಲ್ಲಿ ಸ್ಟುಡಿಯೋದವರು ಹಾಡಿದ್ದು. ಮುಖ್ಯ ದನಿ ರಾನ್ ಡಾಂಟೆ. ಬಿಲ್‌ಬೋರ್ಡಿನ ಆ ವರ್ಷದ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಒಂದು ವ್ಯತ್ಯಾಸ ನೋಡಿ: ಅವರ ಹಾಡಲ್ಲಿ ಸಕ್ಕರೆ ಅಂದ್ರೆ ಹುಡುಗಿ, ಲಾಲಿಪಾಪ್ ಅಂದ್ರೆ ಹುಡುಗ. ‘ಜೇನಿನ ಹೊಳೆ’ ಅಂದ್ರೆ ಕನ್ನಡ ಭಾಷೆ. ದಾಸರಿಗೆ ಬಂದರೆ ಸಕ್ಕರೆ ಸಾಕ್ಷಾತ್ ದೇವರ ಹೆಸರು. ಸಿಹಿ ಒಂದೇ, ಬಡಿಸೋ ಎಲೆ ಬೇರೆ ಬೇರೆ.

ತುಪ್ಪದದೋಸೆ:

‘ತುಪ್ಪ ಬೇಕಾ ತುಪ್ಪ’ ಲೆಕ್ಕಕ್ಕೆ ಬರುತ್ತಾ?

ಸರಸ್ವತಿಪುರಂ_ಭಜನೆ:

ರಾಮನವಮಿ ಸ್ವಾಮೀ. ಮೇಲಾಗಿ ತುಪ್ಪ ಸಿಹಿ ಅಲ್ಲ. ಹಾಗೆ ಬಿಟ್ಟರೆ ಬೆಣ್ಣೆನೂ ಬರುತ್ತೆ, ಎಚ್.ಎಸ್. ವೆಂಕಟೇಶಮೂರ್ತಿಯವರ ‘ಅಮ್ಮ ನಾನು ದೇವರಾಣೆ ಬೆಣ್ಣೆ ಕದ್ದಿಲ್ಲಮ್ಮ’ ಹಾಡೋಕೆ ನಮ್ಮಲ್ಲಿ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ. ಆಗಲ್ಲ ಅಂದಿದ್ದೀನಿ.

ಧಾರವಾಡದಾಕಿ:

ಪಾಯಸದ ಜಗಳಾ ಯಾಕ್ರೀ? ದಾಸರು ಬರದs ಇಟ್ಟಾರಲ್ಲ. ಪಲ್ಲವಿ ಹಾಡಿ ಚಪ್ಪಾಳಿ ಹೊಡದು ಮುಗಸ್ತೀರಿ, ಚರಣ ಯಾರೂ ಕಿವಿಗೊಟ್ಟು ಕೇಳಂಗಿಲ್ಲ. ‘ಒಮ್ಮಾನ ಗೋದಿಯ ತಂದು ವೈರಾಗ್ಯ ಕಲ್ಲಲಿ ಬೀಸಿ, ಸುಮ್ಮಾನ ಸಜ್ಜಿಗೆ ತೆಗೆದು ಸಣ್ಣ ಶಾವಿಗೆ ಹೊಸೆದು’. ಹೆಸರುಬ್ಯಾಳಿನೂ ಇಲ್ಲ, ಅಕ್ಕಿನೂ ಇಲ್ಲ, ಸಬ್ಬಕ್ಕಿಯಂತೂ ಇಲ್ಲವೇ ಇಲ್ಲ. ಇದು ಶಾವಿಗಿ ಪಾಯಸ. ಅದೂ ಗೋದಿದು, ಮನ್ಯಾಗ ಹೊಸದದ್ದು.

ನಾ ಅಡಗಿಮನಿ ಕಣ್ಣಿಂದ ಹೇಳ್ತೀನಿ. ಈ ಎರಡು ಸಾಲಿನ್ಯಾಗ ಒಂದು ಕೆಲಸಾನೂ ಹಿಂದಮುಂದ ಆಗಿಲ್ಲ. ಮೊದಲ ಅಳತಿ, ಆಮ್ಯಾಲ ಬೀಸೋದು, ಆಮ್ಯಾಲ ಜರಡಿ ಹಿಡದು ರವಾ ತೆಗೆಯೋದು, ಆಮ್ಯಾಲ ಹೊಸೆಯೋದು. ನಮ್ಮ ಅವ್ವ ಬ್ಯಾಸಗಿ ಬಂತಂದ್ರ ಜವೆಗೋದಿ ತೊಗೊಂಡು ಹಿಂಗs ಮಾಡ್ತಿದ್ದಳು. ಸಣ್ಣ ರವಾ ನಾದಿ, ಕುಟ್ಟಿ, ಹದಕ್ಕ ತಂದು, ಶಾವಿಗಿ ಮಣಿ ಮ್ಯಾಲ ಒಬ್ಬಾಕಿ ಒತ್ತಿ ಹೊಸದ್ರ ಕೆಳಗ ಇನ್ನೊಬ್ಬಾಕಿ ಎಳಿ ಹಿಡಕೋಬೇಕು, ಹರಿಯಬಾರದು. ಕೋಲಿನ ಮ್ಯಾಲ ಇಳಿಬಿಟ್ಟು ಒಣಗಸೋದು. ಓಣಿ ಹೆಣ್ಣುಮಕ್ಕಳು ಕೂಡೇ ಮಾಡೋ ಕೆಲಸ ಅದು, ಒಬ್ಬರ ಕೈಲೇ ಆಗೂದಲ್ಲ. ಹಾಡೂ ಅಲ್ಲೇ ಹುಟ್ತಿದ್ವು, ಸುದ್ದಿನೂ ಅಲ್ಲೇ.

ಮುಂದಿನ ಚರಣ ಇನ್ನೂ ಛಲೋ ಅದ. ‘ಹೃದಯವೆಂಬೊ ಮಡಕೆಯಲಿ ಭಾವವೆಂಬೊ ಎಸರನಿಟ್ಟು’. ಎಸರಿಟ್ಟಾರ, ಹಾಲಿಟ್ಟಿಲ್ಲ! ಇಡೀ ಹಾಡಿನ್ಯಾಗ ಹಾಲಿನ ಸುದ್ದಿನs ಇಲ್ಲ ನೋಡ್ರಿ. ನೀರು ಮಳ್ಳಿಸಿ ಶಾವಿಗಿ ಬೇಸಿ, ಸಕ್ಕರಿ ಹಾಕಿ, ತುಪ್ಪ ಕಲಸೋದು. ನಮ್ಮ ಕಡೆ ಬಸಿದ ಶಾವಿಗಿ ಉಣ್ಣೋದೂ ಹಿಂಗs. ಹಾಲು ಬೇಕಾದವರು ಮ್ಯಾಲೆ ಸುರುವಿಕೋತಾರ. ‘ಹರಿವಾಣದಲಿ ಬಡಿಸಿಕೊಂಡು’ ಅಂದ್ರ ಮತ್ತ, ಲೋಟದಾಗ ಕುಡಿಯೋ ತೆಳು ಪಾಯಸ ಇದಲ್ಲ, ತಾಟಿನ್ಯಾಗ ಹಾಕ್ಕೊಂಡು ಉಣ್ಣೋದು. ಕಡೀಕ ತೇಗು ಸೈತ ಬಿಟ್ಟಿಲ್ಲ ದಾಸರು, ‘ಆನಂದ ಆನಂದವೆಂಬ ತೇಗು’ ಅಂತ ಹಾಡ್ಯಾರ.

ಇದನ್ನ ಬರೇ ಅಧ್ಯಾತ್ಮ ಅಂತ ಹೇಳಿ ಕೈ ತೊಳಕೊಳ್ಳೋರನ್ನ ಕಂಡ್ರ ನನಗ ಸಿಟ್ಟು ಬರ್ತದ. ಅಧ್ಯಾತ್ಮ ಖರೇ. ಆದ್ರ ಒಲಿ ಮುಂದ ನಿಂತು ನೋಡದವರು ಇಷ್ಟು ಬರಾಬರಿ ಬರಿಯೂದಿಲ್ಲ.

ಕಿರಾಣಿ_ದಾವಣಗೆರೆ:

ಅಕ್ಕಾರು ಅಡುಗೆಮನೆಯಿಂದ ಹೇಳಿದ್ರು, ನಾನು ಗಲ್ಲಾಪೆಟ್ಟಿಗೆಯಿಂದ ಹೇಳ್ತೀನಿ. ನನಗೆ ರಾಗ ತಾಳ ಗೊತ್ತಿಲ್ಲ, ಅಪ್ಪನ ಕಾಲದ ಕಿರಾಣಿ ಅಂಗಡಿ ನಡೆಸ್ತೀನಿ. ‘ಕಲ್ಲುಸಕ್ಕರೆ ಕೊಳ್ಳಿರೋ’ ಹಾಡನ್ನ ಒಬ್ಬ ವ್ಯಾಪಾರಸ್ಥನೇ ಬರೆಯೋಕೆ ಸಾಧ್ಯ. ದಾಸರಾಗೋ ಮೊದಲು ಪುರಂದರದಾಸರು ನವಕೋಟಿ ನಾರಾಯಣ ಅನ್ನಿಸಿಕೊಂಡ ಸಾಹುಕಾರರು ಅಂತ ಕಥೆ ಎಲ್ಲರಿಗೂ ಗೊತ್ತು. ನನಗೆ ಆ ಕಥೆ ಬೇಕಿಲ್ಲ, ಹಾಡೇ ಸಾಕ್ಷಿ.

‘ಎತ್ತು ಹೇರುಗಳಿಂದ ಹೊತ್ತು ಮಾರುವುದಲ್ಲ, ಒತ್ತೊತ್ತಿ ಗೋಣಿಯೊಳ್ ತುಂಬುವುದಲ್ಲ, ಎತ್ತ ಹೋದರು ಬಾಡಿಗೆ ಸುಂಕ ಇದಕಿಲ್ಲ’. ನೋಡಿ: ಸಾಗಾಟ, ಪ್ಯಾಕಿಂಗು, ಬಾಡಿಗೆ, ತೆರಿಗೆ. ನನ್ನ ಇವತ್ತಿನ ಬಿಲ್ಲಲ್ಲೂ ಇವೇ ಇರೋದು, ಸುಂಕ ಹೋಗಿ ಜಿಎಸ್‌ಟಿ ಆಗಿದೆ ಅಷ್ಟೆ. ಮುಂದೆ ‘ನಷ್ಟ ಬೀಳುವುದಲ್ಲ’ ಅಂತಾರೆ, ‘ಕಟ್ಟಿರುವೆ ತಿಂದು ಕಡಿಮೆಯಾಗುವುದಲ್ಲ’ ಅಂತಾರೆ. ಇಲ್ಲಿಗೆ ಬಂದಾಗ ನಾನು ಕೂತಲ್ಲೇ ನಗ್ತೀನಿ. ಮೂಟೆಗೆ ಇರುವೆ ಹತ್ತಿ ತೂಕ ಕಡಿಮೆ ಬರೋ ಹೊಟ್ಟೆಯುರಿ ಅಂಗಡಿ ಇಟ್ಟವನಿಗೆ ಮಾತ್ರ ಗೊತ್ತು. ಬರೀ ವರ್ಣನೆಗೆ ಕೂತ ಕವಿಯಾಗಿದ್ದರೆ ಸಕ್ಕರೆಯ ಬಿಳುಪು, ಹೊಳಪು ಅಂತ ಬರೀತಿದ್ದ. ಇವರು ಸ್ಟಾಕ್ ಲೆಕ್ಕ ಬರೆದಿದ್ದಾರೆ. ಕೊನೆಗೆ ಸಂತೆಗೂ ಹೋಗಿ ಬರ್ತಾರೆ, ಸಂತೆಯಲ್ಲಿಟ್ಟು ಮಾರೋ ಮಾಲಲ್ಲ ಇದು ಅಂತ.

ಕೊಡೋದಾದ್ರೆ ದಾರದ ಕಲ್ಲುಸಕ್ಕರೆ ಕೊಡಿ. ಗಟ್ಟಿ ಪಾಕದಲ್ಲಿ ದಾರ ಇಳಿಬಿಟ್ಟು ದಿನಗಟ್ಟಲೆ ಅಲುಗಾಡಿಸದೆ ಇಟ್ಟಾಗ ಹರಳು ಕಟ್ಟೋದು ಅದು. ಸಣ್ಣ ಚೌಕದ ಡೈಮಂಡ್ ಅಂತ ಬರುತ್ತಲ್ಲ, ಹೋಟೆಲಲ್ಲಿ ಸೋಂಪಿನ ಜೊತೆ ಇಡೋದು, ಅದಕ್ಕೆ ಕಲ್ಲಿನ ಗತ್ತೇ ಇಲ್ಲ. ಬಟ್ಟೇಲಿ ಕಟ್ಟಿ ಕುಟ್ಟಿ, ಇಲ್ಲದಿದ್ರೆ ಚೂರು ಮನೆಯೆಲ್ಲ ಹಾರುತ್ತೆ. ದಾರ ಆರಿಸಿ ತೆಗೀರಿ, ಮಕ್ಕಳಿದ್ದಾರೆ.

ಗಡಿನಾಡು_ಬಳ್ಳಾರಿ:

ನಿಮ್ಮ ಪಾನಕ ಯಾಕೆ ಅನಾಥ ಆಗ್ಬೇಕು? ಸದಾಶಿವ ಬ್ರಹ್ಮೇಂದ್ರರ ‘ಪಿಬರೇ ರಾಮರಸಂ’ ಹಾಡಿ, ಪಾನಕ ಕೊಡಿ. ನಾಲಿಗೆಗೇ ಹೇಳ್ತಾರೆ ಅಲ್ಲಿ, ರಾಮರಸ ಕುಡಿ ಅಂತ. ಸಂಸ್ಕೃತ ಆದ್ರೂ ಎಲ್ಲರಿಗೂ ಬರೋ ಹಾಡು. ರಾಮನವಮಿಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಕಡೆ ತೆಲುಗೂ ಹಾಡ್ತೀವಿ, ಭದ್ರಾಚಲ ರಾಮದಾಸರ ‘ಶ್ರೀರಾಮ ನೀ ನಾಮಮೇಮಿ ರುಚಿರಾ’. ಪಲ್ಲವಿಯಲ್ಲಿ ರುಚಿ ಮಾತ್ರ ಇದೆ. ಚರಣಕ್ಕೆ ಹೋದ್ರೆ ಬಾಳೆಹಣ್ಣು, ಖರ್ಜೂರಕ್ಕಿಂತ ಆ ಹೆಸರೇ ರುಚಿ ಅಂತ ಬರುತ್ತೆ. ನಿಮ್ಮ ನಿಯಮದ ಪ್ರಕಾರ ಫೇಲ್. ಆದ್ರೆ ಒಲೆ ಹಚ್ಚದೆ ರಸಾಯನ ಮಾಡ್ಬಹುದು, ಸ್ವಲ್ಪ ಕಣ್ಣು ಮುಚ್ಚಿಕೊಳ್ಳಿ.

ತುಪ್ಪದದೋಸೆ:

ಖರ್ಜೂರಕ್ಕೆ ಕಣ್ಣು ಮುಚ್ಚಿಕೊಂಡ್ರೆ ಭಾಗ್ಯದ ಲಕ್ಷ್ಮಿಗೂ ಮುಚ್ಚಿಕೊಳ್ಳಬೇಕಾಗುತ್ತೆ. ಆ ಹಿರಿಯರ ಪರ ನಾನು.

ಸರಸ್ವತಿಪುರಂ_ಭಜನೆ:

ಇಲ್ಲ, ನಿಯಮ ನಿಯಮವೇ. ಒಂದು ಚರಣ ಒಳಗೆ ಬಿಟ್ಟರೆ ಹಬ್ಬದ ಊಟದ ಹಾಡುಗಳೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತವೆ, ಅರವತ್ತು ಎಲೆ ನಾನೇ ತೆಗೀಬೇಕು. ಹಿರಿಯರಿಗೆ ಮಂಗಳಾರತಿಗೆ ‘ಭಾಗ್ಯದ ಲಕ್ಷ್ಮೀ’ ಹಾಡಿ ಅಂತ ಹೇಳಿದ್ದೀನಿ, ಅದಕ್ಕೆ ತಿಂಡಿ ಇಲ್ಲ. ಒಪ್ಪಿದ್ದಾರೆ, ಮುಖ ಮಾತ್ರ ಇನ್ನೂ ಬಿಗಿ.

ಈಗಿನ ಕ್ರಮ ಹೀಗೆ: ಕಾಯಿಕಡುಬು ಮೊದಲು, ಮಕ್ಕಳು ತಿಂದು ಸುಮ್ಮನಾಗಲಿ. ‘ಪಿಬರೇ ರಾಮರಸಂ’ಗೆ ಪಾನಕ. ಬಳ್ಳಾರಿಯವರೇ, ಇದನ್ನು ಓದಿ ಹೇಳಿದಾಗ ನಮ್ಮ ಮಂಡಳಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಆಮೇಲೆ ಕಲ್ಲುಸಕ್ಕರೆ; ನಮ್ಮೆದುರು ಮನೆಯವರು ಬಟ್ಟೆ ವ್ಯಾಪಾರಿ, ಆ ಹಾಡು ಅವರಿಗೇ ಅಂತ ತೀರ್ಮಾನ ಆಗಿದೆ, ಇರುವೆ ಸಾಲು ಬಂದಾಗ ಅವರು ಏನು ಮಾಡ್ತಾರೋ ನೋಡಬೇಕು. ‘ರಾಮನಾಮ ಪಾಯಸಕ್ಕೆ’ ಪೂರ್ತಿ ಮೂರು ಚರಣ, ಬಸಿದ ಶಾವಿಗೆ. ಹಾಲು ಬೇಡ ಅಂದ್ರೆ ಮೈಸೂರಿನವರು ಪಾಯಸ ಅಂತ ಒಪ್ಪಲ್ಲ, ಅದಕ್ಕೇ ಹಾಲಿನ ಜಗ್ಗು ಪಕ್ಕದಲ್ಲಿಟ್ಟು ಅಲ್ಲೇ ‘ಹಾಲು ಜೇನು’ ಹಾಡಿಸಿಬಿಡ್ತೀವಿ. ಸಕ್ಕರೆ ಕಾಯಿಲೆಯವರಿಗೆ ಕೋಸಂಬರಿ ಇದ್ದೇ ಇದೆ, ಅವರು ಜೋರಾಗಿ ತಾಳ ಹಾಕಲಿ.

ಧಾರವಾಡದ ಅಕ್ಕಾ, ಅರವತ್ತು ಜನಕ್ಕೆ ಶಾವಿಗೆ ಎಷ್ಟು ಬೇಕು? ಅಂಗಡಿಯಲ್ಲಿ ಸಿಗೋ ಹುರಿದ ಶಾವಿಗೆ ನಡೆಯುತ್ತಾ?

ಧಾರವಾಡದಾಕಿ:

ಹುರದದ್ದು ಬ್ಯಾಡ್ರಿ, ಅದು ಉಪ್ಪಿಟ್ಟಿಗೆ ಇರಲಿ. ಕೈಲೆ ಹೊಸದ ಗೋದಿ ಶಾವಿಗಿ ಈಗ ಗೃಹೋದ್ಯೋಗದವರ ಹಂತ್ಯಾಕ ಸಿಗ್ತದ, ಉತ್ತರ ಕರ್ನಾಟಕದ ತಿನಿಸು ಮಾರೋ ಅಂಗಡಿ ಮೈಸೂರಾಗೂ ಇರ್ತಾವ, ಕೇಳ್ರಿ. ಸಣ್ಣ ಬಟ್ಟಲಾದ್ರ ಒಂದೂವರಿ ಕಿಲೋ ಸಾಕು. ನೀರು ಧಾರಾಳ ಇಡ್ರಿ, ಚಿಟಿಕಿ ಉಪ್ಪು, ಒಂದು ಚಮಚಾ ತುಪ್ಪ ನೀರಿಗೇ ಹಾಕ್ರಿ. ಮಳ್ಳೂ ನೀರಿಗೆ ಹಾಕಿ, ಬೆಂದ ಕೂಡ್ಲೆ ಬಸೀರಿ. ಬಸಿದ ಮ್ಯಾಲ ಇಟ್ಟುಬಿಟ್ರ ಅದು ಮುದ್ದಿ ಆಗಿ ಕೂಡ್ತದ. ಅದಕ್ಕ ಎರಡನೇ ಚರಣಾ ಸುರು ಆದಾಗ ಒಳಗ ಶಾವಿಗಿ ನೀರಿಗೆ ಬೀಳಬೇಕು, ತೇಗಿನ ಚರಣಾ ಮುಗಿಯೂದರಾಗ ತಾಟಿಗೆ ಬರಬೇಕು. ಅಧ್ಯಕ್ಷರ ಭಾಷಣ ಏನರ ಇದ್ರ ಪಾಯಸ ಆದಮ್ಯಾಲ ಇಟ್ಕೊಳ್ರಿ.