ಬ್ಯಾಂಕ್ ಫಾರಂ ತುಂಬೋದನ್ನು ಸರ್ಕಾರಿ ಶಾಲೆಯಲ್ಲೇ ಕಲಿಸಬಹುದಲ್ವಾ?

ಹಾವೇರಿ ತಾಯಿ: ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಮಗಳು ಎಂಟನೇ ಕ್ಲಾಸು, ಬಡ್ಡಿ ಲೆಕ್ಕ ಬಾಯಲ್ಲೇ ಹೇಳುತ್ತಾಳೆ. ಮೊನ್ನೆ ಬ್ಯಾಂಕಿನಲ್ಲಿ ಹಣ ತೆಗೆಯುವ ಫಾರಂ ಕೊಟ್ಟರೆ, ಖಾತೆ ನಂಬರ್ ಎಲ್ಲಿ ಬರೀಬೇಕು ಅಂತ ಪೆನ್ ಹಿಡಿದು ನಿಂತಳು. ಇಂಥದ್ದನ್ನು ಶಾಲೆಯಲ್ಲಿ ಕಲಿಸೋಕೆ ಸಮಯ ಎಲ್ಲಿ ಸಿಗುತ್ತೆ?

ಕನ್ನಡ ಮೇಷ್ಟ್ರು: ಸಂಭ್ರಮ ಶನಿವಾರ ಇದೆಯಲ್ಲ, ಬ್ಯಾಗ್ ಇಲ್ಲದ ದಿನ. ಅದನ್ನೇ ಬಳಸಿ. ನಮ್ಮಲ್ಲಿ ಮಕ್ಕಳ ಸಂತೆ ಮಾಡುತ್ತೇವೆ. ಕೊತ್ತಂಬರಿ ಕಟ್ಟು 10 ರೂಪಾಯಿ, ಮೂರು ತಗೊಂಡರೆ 25. ಐನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಡುವಾಗ ಆ ಮುಖಗಳನ್ನು ನೋಡಬೇಕು! ಪೋಸ್ಟ್ ಆಫೀಸಿಗೂ ಕರೆದುಕೊಂಡು ಹೋಗಿ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೆದು ನಡೆಸಬಹುದು.

ಆಶಾ ಅಕ್ಕ: ದುಡ್ಡಿನ ಜೊತೆ ಜೀವ ಉಳಿಸೋದನ್ನೂ ಕಲಿಸಿ ಮೇಡಂ. ನಮ್ಮ ಕಡೆ ಹಾವು ಕಚ್ಚಿದರೆ ಈಗಲೂ ಹಗ್ಗ ಬಿಗಿಯುತ್ತಾರೆ, ಬ್ಲೇಡಲ್ಲಿ ಕೊಯ್ಯುತ್ತಾರೆ. ಎರಡೂ ತಪ್ಪು. ಕಚ್ಚಿದ ಕೈಕಾಲು ಅಲುಗಾಡಿಸದೆ, 108ಕ್ಕೆ ಫೋನ್ ಮಾಡಿ, ಬೇಗ ಆಸ್ಪತ್ರೆಗೆ ಸೇರಿಸಬೇಕು. ಇದು ಮಕ್ಕಳಿಗೆ ಗೊತ್ತಾದರೆ ಮನೆಗೂ ತಲುಪುತ್ತೆ.

ವೈರಿಂಗ್ ಕೆಲಸದವ: ಒಂದು ಮಾತು. ಅಡುಗೆ ಹುಡುಗಿಯರಿಗೆ, ಕರೆಂಟ್ ಹುಡುಗರಿಗೆ ಅಂತ ದಯವಿಟ್ಟು ಹಂಚಬೇಡಿ. ಮೇನ್ ಸ್ವಿಚ್ ಆಫ್ ಮಾಡೋದು ಎಲ್ಲರಿಗೂ ಬರಬೇಕು. ಅನ್ನಕ್ಕೆ ನೀರೆಷ್ಟು ಅನ್ನೋದೂ ಅಷ್ಟೇ.

ಹಾವೇರಿ ತಾಯಿ: ಮೇಷ್ಟ್ರೇ, ಪೋಸ್ಟ್ ಆಫೀಸಿಗೆ ಮೊದಲೇ ಪತ್ರ ಕೊಡಬೇಕಾ? ಮುಂದಿನ ಸಭೆಯಲ್ಲಿ ಇದನ್ನೇ ಮೊದಲು ಎತ್ತುತ್ತೇನೆ.