ಹೊರಾಂಗಣಕ್ಕೆ ತೋಟದ ಮನೆಯ ಸೊಗಡು: ಅನುಭವವುಳ್ಳವರ ಸಲಹೆಗಳು

ಪ್ರಶ್ನೆ

ನಮ್ಮ ಮನೆಯ ಹಿಂಬದಿಗೆ ಹೊಂದಿಕೊಂಡಂತೆ 12 ಅಡಿ ಅಗಲ, 16 ಅಡಿ ಉದ್ದದ ತೆರೆದ ಅಂಗಳವಿದೆ. ನೆಲ ಬರಿಯ ಸಿಮೆಂಟಿನದು. ಒಂದು ಬದಿಗೆ ಮನೆಯ ಗೋಡೆ, ಉಳಿದ ಮೂರೂ ಕಡೆ ಬಯಲು. ಇದನ್ನು ಹಳೆಯ ತೋಟದ ಮನೆಯ ಹೊರಾಂಗಣದಂತೆ ಒರಟು ಮರ, ಇಟ್ಟಿಗೆ, ಮಣ್ಣಿನ ಕುಂಡಗಳಿಂದ ಸಜ್ಜುಗೊಳಿಸುವ ಆಸೆ ನನ್ನದು. ಸದ್ಯಕ್ಕೆ ಕೈಯಲ್ಲಿರುವುದು ಬಣ್ಣ ಬಳಿದ ಹಳೆಯ ಬಾಗಿಲೊಂದು, ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳು ಮತ್ತು ಕೆಲವು ತಗಡಿನ ಬಕೆಟ್‌ಗಳು. ಇವು ಮಳೆ ಬಿಸಿಲಿಗೆ ತಡೆದಾವೇ, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು, ಕೊನೆಗೆ ಎಲ್ಲವೂ ಗುಜರಿ ಅಂಗಡಿಯಂತೆ ಕಾಣದಿರಲು ಏನು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ

ವಸ್ತುಗಳ ವಿಚಾರವನ್ನು ಸದ್ಯಕ್ಕೆ ಬದಿಗಿರಿಸಿ, ಅಂಗಳದ ನೆಲಕ್ಕೆ ನಾಲ್ಕೈದು ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಳ್ಳಿ. ನೀರು ನಡುವೆ ನಿಲ್ಲುವ ನೆಲದ ಮೇಲೆ ಏನೇ ಇಟ್ಟರೂ ಅದು ತಳದಿಂದಲೇ ಕೆಡುತ್ತದೆ. ಗೋಡೆಯ ಕಡೆಗೆ ಹರಿಯುವುದಾದರೆ ಮನೆಗೂ ತೊಂದರೆ. ಗೋಡೆಯಿಂದ ಹೊರಮುಖವಾಗಿ ಪ್ರತಿ ಅಡಿಗೆ ಕಾಲು ಇಂಚಿನಷ್ಟು ವಾಟ ಕೊಡುವುದು ರೂಢಿಯ ಲೆಕ್ಕ, ನಿಮ್ಮ 12 ಅಡಿ ಅಗಲಕ್ಕೆ ಅದು 3 ಇಂಚಾಗುತ್ತದೆ. ನಯವಾದ ನೆಲಕ್ಕೆ ಅದರ ಅರ್ಧವೂ ಸಾಕಾದೀತು, ಆದರೆ ಇಟ್ಟಿಗೆಯ ಒರಟು ಮೈಯ ಮೇಲೆ ನೀರು ನಿಧಾನವಾಗಿ ಸರಿಯುವುದರಿಂದ ಪೂರ್ತಿ ವಾಟ ಕೊಡುವುದೇ ಕ್ಷೇಮ.

ಸಿಮೆಂಟಿನ ಮೇಲೆಯೇ ಇಟ್ಟಿಗೆ ಹಾಸುವುದಾದರೆ ನೆಲದ ಮಟ್ಟ ಏರುತ್ತದೆ ಎಂಬುದನ್ನು ಮರೆಯಬಾರದು. ಹೊಸ ನೆಲವು ಗೋಡೆಯೊಳಗಿನ ತೇವ ತಡೆಯುವ ಪದರಕ್ಕಿಂತ ಸುಮಾರು 150 ಮಿಲಿಮೀಟರ್ ಕೆಳಗೆ ಉಳಿಯಬೇಕು. ಇಲ್ಲವಾದರೆ ನೆಲಕ್ಕೆ ಬಿದ್ದು ಸಿಡಿಯುವ ಮಳೆನೀರು ಗೋಡೆಯನ್ನು ನೆನೆಸುತ್ತಲೇ ಇರುತ್ತದೆ. ಆದ್ದರಿಂದ ತೆಳುವಾದ ಇಟ್ಟಿಗೆ ಬಿಲ್ಲೆಗಳು ನಿಮಗೆ ಹೆಚ್ಚು ಸೂಕ್ತ. ಕೆಡವಿದ ಕಟ್ಟಡಗಳ ಹಳೆಯ ಇಟ್ಟಿಗೆಯ ಚೆಲುವಿಗೆ ಮನಸೋಲುವುದು ಸಹಜವಾದರೂ, ಗೋಡೆಗೆಂದು ಮಾಡಿದ ಮೆದು ಇಟ್ಟಿಗೆ ನೆಲಕ್ಕೆ ಹಾಸಿದಾಗ ನೀರು ಕುಡಿದು ಪದರ ಪದರವಾಗಿ ಉದುರುತ್ತದೆ ಮತ್ತು ಬೇಗನೆ ಪಾಚಿ ಹಿಡಿದು ಜಾರುತ್ತದೆ. ಚೆನ್ನಾಗಿ ಬೆಂದು, ಒಂದಕ್ಕೊಂದು ತಟ್ಟಿದರೆ ಗಣಗಣ ಎನ್ನುವ ಇಟ್ಟಿಗೆಯನ್ನೇ ಆರಿಸಿಕೊಳ್ಳಿ.

ಇನ್ನೊಂದು ಉತ್ತರ

ಮರದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇಂಥ ಅಂಗಳಗಳು ಕೆಡುವುದು ಬಹುತೇಕ ಅಲ್ಲಿಯೇ. ಮರ ಹಳತಾಗುವುದು ಬೇರೆ, ಕೊಳೆಯುವುದು ಬೇರೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಮರದ ಮೇಲ್ಮೈಯ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತವೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಆಗ ಮರಕ್ಕೆ ಬೆಳ್ಳಿಯಂಥ ಬೂದುಬಣ್ಣ ಬರುತ್ತದೆ. ಇದು ಮೇಲ್ಪದರದ ಬದಲಾವಣೆಯಷ್ಟೇ, ಮತ್ತು ತೋಟದ ಮನೆಯ ಸೊಗಡು ಎಂದು ನಾವು ಮೆಚ್ಚುವುದರಲ್ಲಿ ಅರ್ಧ ಪಾಲು ಇದರದೇ. ಕೊಳೆಯುವುದು ಶಿಲೀಂಧ್ರದ ಕೆಲಸ. ಅದಕ್ಕೆ ಮರ ಬಹುಕಾಲ ಒದ್ದೆಯಾಗಿಯೇ ಇರಬೇಕು. ಹಾಗಾಗಿ ಮೊದಲನೆಯದಕ್ಕೆ ಎಡೆಮಾಡಿಕೊಟ್ಟು ಎರಡನೆಯದನ್ನು ತಡೆಯುವುದೇ ಇಲ್ಲಿನ ಕೆಲಸವೆಲ್ಲ.

ಮರದ ಹಲಗೆ ನೀರನ್ನು ಅತಿ ಹೆಚ್ಚು ಹೀರುವುದು ಅದರ ಕೊಯ್ದ ತುದಿಯಿಂದ. ಮೇಜಿನ ಕಾಲುಗಳ ತಳವೂ ಅಂಥ ತುದಿಯೇ ಆದ್ದರಿಂದ, ಅದಕ್ಕೆ ಎಣ್ಣೆಯನ್ನೋ ಎಪಾಕ್ಸಿಯನ್ನೋ ಚೆನ್ನಾಗಿ ಕುಡಿಸಿ, ನೆಲಕ್ಕೆ ನೇರವಾಗಿ ತಾಗದಂತೆ ರಬ್ಬರಿನ ಅಥವಾ ಲೋಹದ ಬಿಲ್ಲೆಯ ಮೇಲೆ ನಿಲ್ಲಿಸಬೇಕು. ಮೇಜು, ಬೆಂಚುಗಳ ಹಲಗೆಗಳ ನಡುವೆ 5-6 ಮಿಲಿಮೀಟರ್ ಸಂದು ಬಿಟ್ಟರೆ ನೀರು ಇಳಿದುಹೋಗುತ್ತದೆ, ಗಾಳಿಯೂ ಆಡುತ್ತದೆ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಒಗರು ಅಂಶ, ಅಂದರೆ ಟ್ಯಾನಿನ್, ಹೆಚ್ಚಿರುವ ಮರಗಳಲ್ಲಿ ಸಾಮಾನ್ಯ ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಲೆ ಹಬ್ಬುತ್ತದೆ.

ಬೂದುಬಣ್ಣ ಬರುವವರೆಗೆ ಕಾಯುವ ತಾಳ್ಮೆಯಿಲ್ಲದವರು ಇದೇ ಗುಣವನ್ನು ಬಳಸಿಕೊಳ್ಳಬಹುದು. ಉಕ್ಕಿನ ನಾರನ್ನು ವಿನೆಗರಿನಲ್ಲಿ ಒಂದೆರಡು ದಿನ ನೆನೆಹಾಕಿ (ಹೊರಬರುವ ಅನಿಲಕ್ಕೆ ದಾರಿಯಿರುವಂತೆ ಮುಚ್ಚಳ ಸಡಿಲವಾಗಿರಲಿ) ಸೋಸಿದ ನೀರನ್ನು ಮರಕ್ಕೆ ಬಳಿದರೆ ಕೆಲವೇ ನಿಮಿಷಗಳಲ್ಲಿ ಬಣ್ಣ ಮಾಸಲಾಗುತ್ತದೆ. ಒಗರು ಕಡಿಮೆಯಿರುವ ಮರಕ್ಕೆ ಮೊದಲು ಗಟ್ಟಿಯಾದ ಚಹಾ ಕಷಾಯ ಬಳಿದು ಒಣಗಿಸಿಕೊಳ್ಳಬೇಕು. ಬೇಡವಾದ ತುಂಡಿನ ಮೇಲೆ ಪರೀಕ್ಷಿಸದೆ ಮೇಜಿಗೆ ಕೈಹಾಕಬೇಡಿ, ಒಂದೊಂದು ಹಲಗೆಯೂ ಒಂದೊಂದು ಬಣ್ಣ ತಿರುಗುತ್ತದೆ.

ವಾರ್ನಿಷನ್ನು ನಾನು ಹೊರಾಂಗಣಕ್ಕೆ ಒಪ್ಪುವುದಿಲ್ಲ. ಅದರ ಪೊರೆ ಎಲ್ಲೋ ಒಂದು ಕಡೆ ಬಿರಿದರೆ ಸಾಕು, ನೀರು ಒಳಗೆ ಸೇರಿ ಪೊರೆಯನ್ನು ಎಬ್ಬಿಸುತ್ತದೆ. ಆಮೇಲೆ ಇಡೀ ಮೇಲ್ಮೈಯನ್ನು ಉಜ್ಜಿ ತೆಗೆಯದೆ ಮತ್ತೆ ಬಳಿಯಲಾಗದು. ಎಣ್ಣೆ ಹಾಗಲ್ಲ, ಒಣಗಿದಂತೆ ಕಂಡಾಗ ಮೇಲಿಂದ ಮೇಲೆ ಒರೆಸಿದರಾಯಿತು. ಆದರೆ ಬರಿಯ ಅಗಸೆ ಎಣ್ಣೆಯ ಮೇಲೆ ಬೂಷ್ಟು ಬೇಗ ಬೆಳೆಯುತ್ತದೆ, ಹೊರಾಂಗಣಕ್ಕೆಂದೇ ತಯಾರಿಸಿದ ಎಣ್ಣೆ ಉತ್ತಮ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಿನಲ್ಲಿ ಒಣಹಾಕಬೇಕು.

ನಿಮ್ಮ ಪ್ಯಾಲೆಟ್‌ಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆಯಿದೆಯೇ ನೋಡಿ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಮರದ ತಿರುಳು ಕನಿಷ್ಠ 56 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 30 ನಿಮಿಷ ಇರುವಂತೆ ಕಾಯಿಸಲಾಗಿದೆ ಎಂದರ್ಥ, ಅದನ್ನು ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಉಪಚರಿಸಿದ್ದು, ಅದನ್ನು ಮನೆಗೆ ತರಬೇಡಿ. ಮುದ್ರೆ ಏನೇ ಇರಲಿ, ಎಣ್ಣೆ ಅಥವಾ ರಾಸಾಯನಿಕದ ಕಲೆಯಿರುವುದನ್ನು ಬಿಟ್ಟುಬಿಡಿ.

ಮತ್ತೊಂದು ಉತ್ತರ

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಇಂಥ ಅಂಗಳಕ್ಕೆ ಹಳೆಯ ರೈಲು ಹಳಿಯ ಮರದ ದಿಮ್ಮಿಗಳನ್ನು ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಅವುಗಳಿಗೆ ಹಿಂದೆ ಮರ ಕೊಳೆಯದಂತೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ಎಣ್ಣೆ ಕುಡಿಸುತ್ತಿದ್ದರು. ಬಿಸಿಲಿಗೆ ಅದು ಇಂದಿಗೂ ಜಿನುಗುತ್ತದೆ, ಚರ್ಮಕ್ಕೆ ಹಾನಿಕರ. ಕೂರುವ ಜಾಗಕ್ಕೂ ತರಕಾರಿ ಪಾತಿಗೂ ಅವು ಬೇಡ.

ಮತ್ತೊಂದು ಉತ್ತರ

ಗೋಡೆಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ಅಂಗಳದಲ್ಲಿ ಕಣ್ಣಿಗೆ ಬೀಳುವ ಅತಿ ದೊಡ್ಡ ಮೈ ಅದೇ ಆಗಿರುವಾಗ, ಅದಕ್ಕೆ ಸುಣ್ಣ ಬಳಿಯುವಷ್ಟು ಪರಿಣಾಮಕಾರಿಯಾದ ಬದಲಾವಣೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದಕಲ್ಲಾಗಿ ಗಟ್ಟಿಯಾಗುವುದರಿಂದ ಅದಕ್ಕೆ ಬಣ್ಣದ ಡಬ್ಬಿಯಿಂದ ಸಿಗದ ಒಂದು ಮಂದ ಹೊಳಪಿರುತ್ತದೆ. ಗೋಡೆಯನ್ನು ಮೊದಲು ನೀರಿನಿಂದ ತೋಯಿಸಿ, ಹಾಲಿನಷ್ಟು ತೆಳುವಾಗಿ ಮೂರು ನಾಲ್ಕು ಕೈ ಬಳಿಯಬೇಕು. ಮಂದವಾಗಿ ಒಂದೇ ಸಲ ಬಳಿದರೆ ಪುಡಿಯಾಗಿ ಉದುರುತ್ತದೆ. ಈಗಾಗಲೇ ಪ್ಲಾಸ್ಟಿಕ್ ಬಣ್ಣ ಇರುವ ಗೋಡೆಗೆ ಅದು ಹಿಡಿಯುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ.

ದೀಪದ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 2,700 ಕೆಲ್ವಿನ್‌ನ ಹಳದಿ ಛಾಯೆಯ ಬಲ್ಬುಗಳು ಮರಕ್ಕೂ ಇಟ್ಟಿಗೆಗೂ ಒಪ್ಪುತ್ತವೆ, ಬಿಳಿ ಬೆಳಕು ಎಲ್ಲವನ್ನೂ ಕಳೆಗುಂದಿಸುತ್ತದೆ. ನೀರು ಸಿಡಿಯುವಲ್ಲಿ ಕನಿಷ್ಠ ಐಪಿ44, ಮಳೆಗೆ ನೇರ ಒಡ್ಡಿಕೊಳ್ಳುವಲ್ಲಿ ಐಪಿ65 ದರ್ಜೆಯವು ಬೇಕು (ಐಪಿ ಎಂಬುದು ಧೂಳು, ನೀರು ಒಳಹೋಗದಂತೆ ತಡೆಯುವ ಶಕ್ತಿಯ ಅಳತೆ), ಹಾಗೂ ಆ ಮಾರ್ಗಕ್ಕೆ 30 ಮಿಲಿಆಂಪಿಯರ್‌ನ ವಿದ್ಯುತ್ ಸೋರಿಕೆ ತಡೆ ಸ್ವಿಚ್ ಇರಲೇಬೇಕು. ದೀಪದ ಸರವನ್ನು ಅದರ ವೈರಿನ ಬಲದ ಮೇಲೆಯೇ ತೂಗುಹಾಕದೆ, ಬಿಗಿದ ಉಕ್ಕಿನ ತಂತಿಗೆ ಕಟ್ಟಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪ್ಯಾಲೆಟ್‌ಗಳಲ್ಲಿ ‘ಎಚ್‌ಟಿ’ ಮುದ್ರೆಯೇ ಇದೆ. ಬಾಗಿಲನ್ನು ಉಜ್ಜಿ ಮೇಜು ಮಾಡಬಹುದೇ? ಗುಜರಿ ಅಂಗಡಿಯ ಪ್ರಶ್ನೆಗೂ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ

ಬಾಗಿಲನ್ನು ಒಣದಾಗಿ ಉಜ್ಜಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಅದರ ಧೂಳು ಮಕ್ಕಳಿಗೆ ಬಹಳ ಅಪಾಯಕಾರಿ. ಮೊದಲು ಪರೀಕ್ಷಾ ಕಿಟ್‌ನಿಂದ ನೋಡಿ. ಸೀಸವಿದ್ದರೆ ತಿಂಡಿ ತಿನ್ನುವ ಮೇಜಿಗೆ ಅದನ್ನು ಬಳಸುವ ಯೋಚನೆ ಬಿಡಿ. ಇಲ್ಲದಿದ್ದರೂ, ತಗ್ಗು ಚೌಕಗಳಿರುವ ಬಾಗಿಲನ್ನು ಬಯಲಿನಲ್ಲಿ ಮಲಗಿಸಿದರೆ ಆ ಚೌಕಗಳಲ್ಲಿ ನೀರು ನಿಲ್ಲುತ್ತದೆ. ಗೋಡೆಗೆ ಒರಗಿಸಿ, ತಳಕ್ಕೆ ಎರಡು ಇಟ್ಟಿಗೆ ಕೊಟ್ಟು, ಬಳ್ಳಿಗೆ ಹಿನ್ನೆಲೆಯಾಗಿ ನಿಲ್ಲಿಸುವುದು ಅದಕ್ಕೆ ಹೆಚ್ಚು ಶೋಭೆ.

ಗುಜರಿಯಂತೆ ಕಾಣುವುದು ವಸ್ತುಗಳು ಹಳತಾಗಿರುವುದರಿಂದಲ್ಲ, ಅವಕ್ಕೆ ಕೆಲಸವಿಲ್ಲದಿರುವುದರಿಂದ. ಗಾಡಿಯ ಚಕ್ರ, ಒಡೆದ ಲಾಟೀನು, ‘ತೋಟದ ಮನೆ’ ಎಂದು ಬರೆದ ಹಲಗೆ ಇವೆಲ್ಲ ಸುಮ್ಮನೆ ನಿಂತಿದ್ದರೆ ನಾಟಕದ ರಂಗಸಜ್ಜಿಕೆಯಂತಾಗುತ್ತದೆ. ಬಕೆಟ್‌ನಲ್ಲಿ ಗಿಡ ಬೆಳೆಯಲಿ, ಆದರೆ ತಳಕ್ಕೆ ಐದಾರು ತೂತು ಕೊರೆಯಿರಿ, ಮತ್ತು ಬಿಸಿಲಿಗೆ ತಗಡು ಕಾದು ಬೇರು ಬೇಯುವುದರಿಂದ ಮಧ್ಯಾಹ್ನ ನೆರಳು ಬೀಳುವ ಕಡೆ ಇಡಿ. ಮಣ್ಣಿನ ಕುಂಡದ ಮೈಯಿಂದ ನೀರು ಆವಿಯಾಗುವುದರಿಂದ ಅವಕ್ಕೆ ಹೆಚ್ಚು ಸಲ ನೀರು ಬೇಕು. ನೀರು ಹೆಪ್ಪುಗಟ್ಟುವಷ್ಟು ಚಳಿಯಿರುವ ಊರಾದರೆ ಅವು ಸೀಳುತ್ತವೆ, ಒಳಗಿಡಬೇಕಾಗುತ್ತದೆ.

ಜಾಗದ ಲೆಕ್ಕವನ್ನೂ ಹಾಕಿಕೊಳ್ಳಿ. ಕುರ್ಚಿಯನ್ನು ಹಿಂದೆ ಸರಿಸಿ ಏಳಲು ಮೇಜಿನ ಸುತ್ತ 3 ಅಡಿ ಬಿಡಬೇಕು. 3 ಅಡಿ ಅಗಲ, 6 ಅಡಿ ಉದ್ದದ ಮೇಜೊಂದೇ ಹೀಗೆ 9 ಅಡಿ, 12 ಅಡಿಯ ಜಾಗವನ್ನು ಹಿಡಿಯುತ್ತದೆ. ನಿಮ್ಮ ಅಂಗಳದಲ್ಲಿ ಆಮೇಲೆ ಉಳಿಯುವುದು ಗೋಡೆಯ ಬದಿಯ 3 ಅಡಿಯ ಪಟ್ಟಿ ಮತ್ತು ಒಂದು ತುದಿಯ 4 ಅಡಿ; ಬಾಗಿಲು, ಕುಂಡ, ಬೆಂಚು ಎಲ್ಲವೂ ಅಷ್ಟರೊಳಗೇ ಹಿಡಿಸಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ನಾಲ್ಕು ಜನ ಕುರ್ಚಿ ಹಾಕಿ ಕುಳಿತು ನೋಡಿದ ಮೇಲೆ ಹಲಗೆ ಕೊಯ್ಯಲು ಕೊಡಿ.