ಫ್ಯಾಮಿಲಿ ಥೆರಪಿ ಸರಿಯಾಗಿ ಕಲಿಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕು? ಎಂಎಸ್‌ಡಬ್ಲ್ಯೂ ಆಗಿ 8 ವರ್ಷ ಆಯ್ತು

ದಾವಣಗೆರೆ_ಕೌನ್ಸೆಲರ್:

ಎಲ್ಲರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ 8 ವರ್ಷ ಆಯ್ತು, ಈಗ ಒಂದು ಸಂಸ್ಥೆಯಲ್ಲಿ ಕೌನ್ಸೆಲರ್ ಆಗಿದೀನಿ. ಗಂಡ ಹೆಂಡತಿ ಜಗಳ, ಕುಡಿತ, ಅತ್ತೆ ಮನೆ ಕಿರುಕುಳ, ಸ್ಕೂಲಿಗೆ ಹೋಗಲ್ಲ ಅಂತ ಹಟ ಹಿಡಿದ ಮಕ್ಕಳು, ಎಲ್ಲಾ ನನ್ನ ಮುಂದೇನೇ ಬಂದು ಕೂರೋದು. ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಮಾತಾಡ್ಸೋದು ನಂಗೆ ಬರುತ್ತೆ. ಇಡೀ ಮನೆಯೋರು ಒಟ್ಟಿಗೆ ಬಂದ್ರೆ ಮಾತ್ರ ಕೈಕಾಲು ಆಡಲ್ಲ.

ಹೋದ ತಿಂಗಳು ಒಬ್ಬ ಹುಡುಗನ್ನ ಕರ್ಕೊಂಡು ಬಂದ್ರು (ಗುರುತು ಸಿಗದ ಹಾಗೆ ವಿವರ ಬದಲಾಯಿಸಿ ಬರೀತಿದೀನಿ), ಹತ್ತನೇ ಕ್ಲಾಸು, ನಾಲ್ಕು ತಿಂಗಳಿಂದ ಸ್ಕೂಲಿಗೆ ಹೋಗಿಲ್ಲ, ಜೊತೆಗೆ ಅಪ್ಪ ಅಮ್ಮ ಅಜ್ಜಿ ಚಿಕ್ಕಪ್ಪ, ನಾನು ಕುರ್ಚಿ ಹಾಕೋದ್ರೊಳಗೇ ಅಜ್ಜಿ ಸೊಸೆನ ಬೈಯೋಕೆ ಶುರು ಮಾಡಿದ್ರು, ಅಪ್ಪ ಮೊಬೈಲ್ ನೋಡ್ತಾ ಕೂತ್ರು, ಅಮ್ಮ ಅಳೋಕೆ ಹತ್ತಿದ್ರು, ಹುಡುಗ ಗೋಡೆ ಕಡೆ ಮುಖ ತಿರುಗಿಸ್ಕೊಂಡ, ನಂಗೆ ಏನು ಮಾಡ್ಬೇಕೋ ತಿಳೀದೆ ಎಲ್ರನ್ನೂ ಹೊರಗೆ ಕಳ್ಸಿ ಹುಡುಗನ ಹತ್ರಾನೇ ಮುಕ್ಕಾಲು ಗಂಟೆ ಮಾತಾಡಿ ಬುದ್ಧಿ ಹೇಳಿ ಕಳ್ಸಿದೆ. ಅವ್ರು ಮತ್ತೆ ಬರ್ಲೇ ಇಲ್ಲ. ಆ ಹುಡುಗನ ಮುಖ ಇನ್ನೂ ಕಣ್ಮುಂದೆ ಇದೆ.

ಎಂಎಸ್‌ಡಬ್ಲ್ಯೂನಲ್ಲಿ ಫ್ಯಾಮಿಲಿ ಥೆರಪಿ ಅಂತ ಇದ್ದಿದ್ದು ಒಂದು ಯೂನಿಟ್ಟು. ಈ ಥೆರಪಿ ಬೆಳೆಸಿದ ಮಿನುಚಿನ್, ಬೋವೆನ್, ಸಟೀರ್ ಅಂತ ಹತ್ತು ಮಾರ್ಕ್ಸಿಗೆ ಬರೆದು ಬಂದಿದ್ದಷ್ಟೇ, ಒಂದು ಸೆಷನ್ ಕಣ್ಣಾರೆ ನೋಡಿಲ್ಲ. ಈಗ ಆನ್‌ಲೈನಲ್ಲಿ ಆರು ವೀಕೆಂಡ್ ಕೋರ್ಸ್ ಒಂದು ಕಾಣಿಸ್ತು, 18 ಸಾವಿರ, ಮುಗಿಸಿದ್ರೆ ಸರ್ಟಿಫೈಡ್ ಫ್ಯಾಮಿಲಿ ಥೆರಪಿಸ್ಟ್ ಅಂತ ಕೊಡ್ತಾರಂತೆ. ಇಬ್ರು ಚಿಕ್ಕ ಮಕ್ಕಳಿದಾರೆ, ಎರಡು ವರ್ಷ ಊರು ಬಿಟ್ಟು ಹೋಗೋದು ಕಷ್ಟ. ಸೇರಿಕೊಳ್ಳಲಾ? ಇಲ್ಲ ಬೇರೆ ದಾರಿ ಇದ್ಯಾ? ಕಲಿತೋರು ದಯವಿಟ್ಟು ಹೇಳಿ.

ಸಾಧನಕೇರಿ_ಹುಡುಗ:

ಅಕ್ಕಾರ, ನಾ ಎಂಎಸ್‌ಡಬ್ಲ್ಯೂ ಆದಮ್ಯಾಲೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ (ಮಾನಸಿಕ ತೊಂದ್ರಿ ಇದ್ದವರು, ಅವರ ಮನಿಯವರ ಜೋಡಿ ಮಾಡೂ ಸಮಾಜಕಾರ್ಯ) ಎಂಫಿಲ್ ಮಾಡೀನಿ, ಈಗ ಧಾರವಾಡದಾಗ ಕೆಲಸ. ಮೊದಲ ಒಂದ್ ಮಾತು, ಆ ವೀಕೆಂಡ್ ಕೋರ್ಸಿಗೆ ರೊಕ್ಕ ಹಾಕಬ್ಯಾಡ್ರಿ. ನಮ್ಮ ದೇಶದಾಗ ಫ್ಯಾಮಿಲಿ ಥೆರಪಿಸ್ಟ್ ಅಂತ ಬ್ಯಾರೆ ಲೈಸೆನ್ಸ್ ಇಲ್ಲ, ಆ ಕಾಗದಕ್ಕ ಕಾನೂನಿನ ಬೆಲೆ ಏನೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನಿಸ್ಕೋಬೇಕಂದ್ರ ಎಂಎಸ್‌ಡಬ್ಲ್ಯೂ ಮ್ಯಾಲೆ ಎರಡು ವರ್ಷದ ಫುಲ್‌ಟೈಮ್ ಎಂಫಿಲ್ ಆಗಿರಬೇಕು, ಅದರಾಗ ಸೀನಿಯರ್ ಕೈಕೆಳಗ ಮಾಡಿದ ಕ್ಲಿನಿಕಲ್ ಟ್ರೇನಿಂಗ್ ಇರಬೇಕು. ಬೆಂಗಳೂರು ನಿಮ್ಹಾನ್ಸ್, ಇಲ್ಲಿ ನಮ್ಮ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಎರಡೂ ಕಡೆ ಈ ಕೋರ್ಸ್ ನಡಕೊಂತ ಬಂದದ. ಆದ್ರ ಒಂದು ತೊಡಕು ಐತಿ. 2022ರಾಗ ಯುಜಿಸಿ ಎಂಫಿಲ್ಲನ್ನ ತಗದುಬಿಡ್ತು, ಆಮ್ಯಾಲೆ ಕ್ಲಿನಿಕಲ್ ಸೈಕಾಲಜಿ ಮತ್ತ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಎರಡಕ್ಕ ಮಾತ್ರ 2025-26ನೇ ಸಾಲಿನ ತನಕ ಅವಕಾಶ ಕೊಡ್ತು. ಅದಕ್ಕ ಅರ್ಜಿ ಹಾಕೂ ಮುಂಚೆ ಆಯಾ ಸಂಸ್ಥೆಯ ಅಕಾಡೆಮಿಕ್ ಸೆಕ್ಷನ್‌ಗೆ ನೀವ ಫೋನ್ ಮಾಡಿ ಈ ವರ್ಷ ಯಾವ ಹೆಸರಿನ ಕೋರ್ಸ್ ಐತಿ ಅಂತ ಕೇಳ್ರಿ, ಯಾರೋ ಹೇಳಿದ್ರು ಅಂತ ನಂಬಕೊಂಡು ಕೂಡಬ್ಯಾಡ್ರಿ.

ಅಲ್ಲಿ ಏನ್ ಕಲಿಸ್ತಾರ ಅಂದ್ರ, ಪುಸ್ತಕದಾಗಿನದ್ದು ನೀವೂ ಓದಬಹುದು. ನಾ ಕಲ್ತದ್ದು ಗಾಜಿನ ಈಚೆ ಕುಂತು. ಒಂದು ಕಡೆಯಿಂದ ಅಷ್ಟ ಕಾಣೂ ಕನ್ನಡಿ ಇರತದ, ಆ ಕಡೆ ನೀವು ಫ್ಯಾಮಿಲಿ ಜೋಡಿ ಮಾತಾಡತಿರ್ತೀರಿ, ಈ ಕಡೆ ಸುಪರ್ವೈಸರ್ ಮತ್ತ ಉಳಿದ ಟ್ರೇನಿಗಳು ನೋಡತಿರ್ತಾರ, ಮನಿಯವರಿಗೂ ಮೊದಲ ಹೇಳಿ ಒಪ್ಪಿಗಿ ತಗೊಂಡಿರ್ತಾರ. ನನ್ನ ಎರಡನೇ ಕೇಸಿನಾಗ ಹೊರಗ ಬಂದಕೂಡ್ಲೆ ಮೇಡಂ ಒಂದ ಪ್ರಶ್ನೆ ಕೇಳಿದ್ರು: "ಅರ್ಧ ತಾಸು ನೀ ಬರೇ ತಾಯಿ ಕಡೆನ ತಿರುಗಿ ಕುಂತಿದ್ದಿ, ಅಪ್ಪನ ಮುಖ ಒಂದ್ ಸರ್ತಿನೂ ನೋಡಲಿಲ್ಲ ಯಾಕ?" ನನಗ ಗೊತ್ತ ಇರಲಿಲ್ಲರೀ ಅದು. ಆಮ್ಯಾಲೆ ನನ್ನ ಸ್ವಂತ ಮನಿತನದ ಮೂರು ತಲಿಮಾರಿನ ಜೀನೋಗ್ರಾಮ್ (ಯಾರಿಗೆ ಯಾರು ಏನಾಗಬೇಕು, ಹೆಂಗ ಇದ್ದಾರ ಅಂತ ತೋರ್ಸೂ ಮನಿತನದ ನಕ್ಷೆ) ಬರಸಿದ್ರು, ಬರಕೊಂತ ಹೋದಂಗ ನಮ್ಮಪ್ಪನ ಜೋಡಿ ನಾ ಎಷ್ಟು ವರ್ಷದಿಂದ ನೆಟ್ಟಗ ಮಾತಾಡಿಲ್ಲ ಅನ್ನೂದು ಕಾಗದದ ಮ್ಯಾಲೆ ಬಂತು. ಇದನ್ನ ಯಾವ ವಿಡಿಯೋ ಕ್ಲಾಸೂ ಕೊಡೂದಿಲ್ಲ.

ನಿಮ್ಹಾನ್ಸ್‌ನಾಗ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಅಂತ ಐತಿ, ಅಲ್ಲಿ ಇಡೀ ಕುಟುಂಬನ ದಾಖಲಾಗಿ ಉಳಕೊಂತದ. 1950ರ ದಶಕದಾಗ ಅಮೃತಸರದ ಆಸ್ಪತ್ರ್ಯಾಗ ಡಾ. ವಿದ್ಯಾಸಾಗರ್ ಅವರು ಪೇಷಂಟ್ ಮನಿಯವರಿಗೆ ಅಂಗಳದಾಗ ಟೆಂಟ್ ಹಾಕ್ಸಿ ಜೋಡಿನ ಇರಸಿಕೊಂಡಿದ್ರು. ಇದು ಎಲ್ಲಾ ಹೊರದೇಶದ್ದು ಅಂತ ಹೇಳೂ ಮಂದಿಗೆ ನಾ ಯಾವಾಗ್ಲೂ ಇದನ್ನ ಹೇಳತೀನಿ.

ಇಂಗ್ಲೆಂಡ್_ಕನ್ನಡತಿ:

ನಾನು ಇಲ್ಲಿ ಯುಕೆಯಲ್ಲಿ ಸಿಸ್ಟಮಿಕ್ ಟ್ರೇನಿಂಗ್ (ಫ್ಯಾಮಿಲಿ ಥೆರಪಿಗೆ ಇಲ್ಲಿನ ಹೆಸರು) ಮಾಡ್ತಿದೀನಿ, ಮೂಲ ಶಿವಮೊಗ್ಗ. ಇಲ್ಲಿ ಇದು ಒಂದು ಪ್ರತ್ಯೇಕ ವೃತ್ತಿ. ಫೌಂಡೇಶನ್ ಒಂದು ವರ್ಷ, ಇಂಟರ್ಮೀಡಿಯೇಟ್ ಒಂದು ವರ್ಷ, ಆಮೇಲೆ ಮಾಸ್ಟರ್ಸ್ ಮಟ್ಟದ್ದು ಎರಡು ವರ್ಷ, ಒಟ್ಟು ಸುಮಾರು ನಾಲ್ಕು. ಅದಾದ್ಮೇಲೆ ಇಲ್ಲಿನ ಸೈಕೋಥೆರಪಿಸ್ಟ್‌ಗಳ ಸಂಸ್ಥೆ ಯುಕೆಸಿಪಿಯಲ್ಲಿ ರಿಜಿಸ್ಟರ್ ಆಗಬಹುದು. ಇದಕ್ಕೆ ಬರೋರು ಮೊದಲೇ ಏನಾದ್ರೂ ಕೆಲಸದಲ್ಲಿರೋರು, ನರ್ಸ್, ಸೋಶಿಯಲ್ ವರ್ಕರ್, ಟೀಚರ್, ಕೆಲಸ ಮಾಡ್ತಾನೇ ಪಾರ್ಟ್ ಟೈಮ್ ಓದ್ತಾರೆ. ನಿಮ್ಮಂಥವರಿಗೆ ನಮ್ಮಲ್ಲೂ ಇಂಥದ್ದು ಬೇಕು ಅಂತ ನಂಗೆ ತುಂಬಾ ಅನ್ಸುತ್ತೆ, ಚಿಕ್ಕ ಮಕ್ಕಳಿರೋ ಹೆಣ್ಮಗಳಿಗೆ ಎರಡು ವರ್ಷ ಎಲ್ಲಾ ಬಿಟ್ಟು ಬಾ ಅಂದ್ರೆ ಹೆಂಗೆ.

ನಿಮ್ಮ ಸೆಷನ್ ಬಗ್ಗೆ ಒಂದು ಮಾತು. ಇಟಲಿಯ ಮಿಲಾನ್ ಗುಂಪಿನ ಥೆರಪಿಸ್ಟ್‌ಗಳು ಬೆಳೆಸಿದ ಸರ್ಕ್ಯುಲರ್ ಪ್ರಶ್ನೆ ಅಂತ ಒಂದಿದೆ, ಇದು ನಮ್ಮ ಮನೆಗಳಿಗೆ ಚೆನ್ನಾಗಿ ಹೊಂದುತ್ತೆ. ಅತ್ತೆ ಎದುರಿಗೆ ಸೊಸೆನ ನಿಮಗೆ ಏನನ್ಸುತ್ತೆ ಅಂತ ಕೇಳಿದ್ರೆ ಬಾಯಿ ಬಿಡಲ್ಲ, ಬಿಟ್ರೆ ಮನೆಗೆ ಹೋದ್ಮೇಲೆ ಅವರಿಗೇ ತೊಂದ್ರೆ. ಅದರ ಬದಲು ಮೂರನೆಯವರನ್ನ ಇಬ್ಬರ ಬಗ್ಗೆ ಕೇಳೋದು: "ಅಜ್ಜಿ, ಮೊಮ್ಮಗ ಬಾಗ್ಲು ಹಾಕ್ಕೊಂಡಾಗ ಮೊದ್ಲು ಹೋಗಿ ತಟ್ಟೋದು ಯಾರು? ಆಗ ಅವನ ಅಪ್ಪ ಏನ್ ಮಾಡ್ತಿರ್ತಾರೆ?" ಯಾರ ಮೇಲೂ ತಪ್ಪು ಹೊರಿಸಿದ ಹಾಗಾಗಲ್ಲ, ಮನೆಯ ಓಡಾಟ ಮಾತ್ರ ಕಣ್ಣಿಗೆ ಬೀಳುತ್ತೆ. ಮೊಬೈಲ್ ನೋಡ್ತಿದ್ದ ಅಪ್ಪ ತಲೆ ಎತ್ತೋದೂ ಇಂಥ ಪ್ರಶ್ನೆಗೇ.

ಮಿನುಚಿನ್ ಶುರು ಮಾಡಿದ್ದು ದುಡ್ಡಿದ್ದವರ ಜೊತೆ ಅಲ್ಲ, ನ್ಯೂಯಾರ್ಕ್‌ನ ಬಡ ಕುಟುಂಬಗಳ ಹುಡುಗರಿದ್ದ ವಿಲ್ಟ್‌ವಿಕ್ ಸ್ಕೂಲಲ್ಲಿ. ಹತ್ತು ಮಾರ್ಕ್ಸಿನ ಉತ್ತರದಲ್ಲಿ ಇದನ್ನ ಯಾರೂ ಹೇಳಿಕೊಡಲ್ಲ ನೋಡಿ.

ತುಮಕೂರು_ಮಂಜಕ್ಕ:

ಮೇಲಿನ ಇಬ್ರೂ ಹೇಳಿದ್ದು ಸರಿ, ಆದ್ರೆ ಒಂದನ್ನ ಯಾರೂ ಹೇಳ್ಲಿಲ್ಲ, ಅದಕ್ಕೇ ಬರೀತಿದೀನಿ. ಹೊಡೆತ ಬಡಿತ ಇರೋ ಮನೆ ಆದ್ರೆ ಗಂಡ ಹೆಂಡತಿನ ಒಟ್ಟಿಗೆ ಕೂರಿಸ್ಬೇಡಮ್ಮ. ಮೊದ್ಲು ಅವಳನ್ನ ಒಂಟಿಯಾಗಿ ಮಾತಾಡ್ಸಿ ಮನೇಲಿ ಭಯ ಇದ್ಯಾ ಕೇಳು. ನಾನು ಹೊಸದ್ರಲ್ಲಿ ರಾಜಿ ಮಾಡಿಸ್ಬೇಕು ಅನ್ನೋ ಹುಮ್ಮಸ್ಸಲ್ಲಿ ಒಟ್ಟಿಗೆ ಕೂರಿಸಿದ್ದೆ, ಆಕೆ ನನ್ನ ಮುಂದೆ ಹೇಳಿದ ಒಂದು ಮಾತಿಗೆ ಅವತ್ತು ರಾತ್ರಿ ಏಟು ತಿಂದ್ಲು. ಹದಿಮೂರು ವರ್ಷ ಆಯ್ತು, ಮರೆತಿಲ್ಲ. ಯಾವ ಟ್ರೇನಿಂಗಿಗೆ ಸೇರಿದ್ರೂ ಇದನ್ನ ಮೊದಲ ವಾರ ಕಲಿಸ್ತಾರಾ ಅಂತ ಕೇಳಿ ಸೇರ್ಕೋ.

ಊರು ಬಿಡೋಕಾಗಲ್ಲ ಅಂದ್ರೆ ಸುಮ್ನೆ ಕೂರ್ಬೇಡ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಟೀಮಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಹುದ್ದೆ ಇರುತ್ತೆ, ಅವ್ರನ್ನ ಹಿಡಿದು ತಿಂಗಳಿಗೆ ಎರಡು ಸಲ ನಿನ್ನ ಕೇಸು ಕೇಳಿ ಅನ್ನು. ನಾವು ಮೂರು ಜನ ಹೆಂಗಸ್ರು ಹಾಗೇ ಶುರು ಮಾಡಿದ್ದು, ಒಬ್ಬರು ಮಾತಾಡ್ಸ್ತಿದ್ರೆ ಇನ್ನೊಬ್ರು ಮೂಲೇಲಿ ಕೂತು ಬರ್ಕೊಳ್ಳೋದು, ಮನೆಯೋರು ಒಪ್ಪಿದ್ರೆ ಮಾತ್ರ. ಮತ್ತೆ ಜೀನೋಗ್ರಾಮ್ ಬರೆಯುವಾಗ ಹುಷಾರು, ನಮ್ಮ ಕಡೆ ಅಕ್ಕನ ಮಗಳು, ಸೋದರತ್ತೆ ಮಗ, ಇಂಥ ಸಂಬಂಧದಲ್ಲೇ ಮದುವೆ ಆಗಿದ್ರೆ ಗಂಡ ಹೆಂಡತಿ ಮಧ್ಯೆ ಜೋಡಿ ಗೆರೆ ಎಳೀಬೇಕು. ಆ ಗೆರೆ ಎಳೆದ ಮೇಲೆ ಜಗಳದ ಅರ್ಥವೇ ಬೇರೆ ಆಗುತ್ತೆ.

ದಾವಣಗೆರೆ_ಕೌನ್ಸೆಲರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಜಕ್ಕ, ನೀವು ಬರೆದಿದ್ದು ಓದಿ ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಹುಡುಗನ ಮನೆಯ ಜೀನೋಗ್ರಾಮ್ ಬರೆಯೋಕೆ ಕೂತೆ. ಫಾರ್ಮ್ ತೆಗೆದು ನೋಡಿದ್ರೆ ಮದುವೆ ಕಾಲಮ್ಮಲ್ಲಿ ನನ್ನ ಕೈಬರಹದಲ್ಲೇ "ಸೋದರತ್ತೆ ಮಗ" ಅಂತಿದೆ! ಅಂದ್ರೆ ಆ ಅಮ್ಮ ಅಜ್ಜಿಗೆ ಸ್ವಂತ ಅಣ್ಣನ ಮಗಳು. ಅತ್ತೆ ಸೊಸೆ ಜಗಳ ಅಂತ ನಾನು ಬರ್ಕೊಂಡಿದ್ದೆ, ಅಜ್ಜಿ ಬೈತಿದ್ದಿದ್ದು ತನ್ನ ತವರಿನ ಹುಡುಗೀನ. ಹಿಂದಿನ ಪುಟದಲ್ಲಿ ಇನ್ನೊಂದಿತ್ತು, ಅಜ್ಜಿಯ ಆ ಅಣ್ಣ ತೀರಿಕೊಂಡು ಐದು ತಿಂಗಳು ಆಗಿದೆ. ಹುಡುಗ ಸ್ಕೂಲು ಬಿಟ್ಟು ನಾಲ್ಕು. ಅವನಿಗೆ ಅವ್ರು ತಾಯಿಯ ಅಪ್ಪ. ಇಬ್ಬರು ಹೆಂಗಸರೂ ಒಬ್ಬನೇ ಮನುಷ್ಯನಿಗೆ ಅಳ್ತಿದ್ರೇನೋ, ಒಂದು ಮಾತೂ ನಾನು ಕೇಳ್ಲಿಲ್ಲ.

ಇವತ್ತು ಬೆಳಿಗ್ಗೆ ಫೋನ್ ಮಾಡಿದೆ, ಅಪ್ಪ ಎತ್ತಿದ್ರು. ಅವತ್ತು ನಿಮ್ಮನ್ನೆಲ್ಲ ಹೊರಗೆ ಕೂರಿಸಿದ್ದು ನನ್ನ ತಪ್ಪು, ಇನ್ನೊಂದು ಸಲ ಎಲ್ರೂ ಬರ್ತೀರಾ ಅಂದೆ. ಮೊದ್ಲು ಅಮ್ಮನ ಹತ್ರ ಒಬ್ಬರ ಹತ್ರಾನೇ ಮಾತಾಡ್ತೀನಿ ಅಂತಾನೂ ಹೇಳಿದೀನಿ. ಶನಿವಾರ ಬರ್ತಾರೆ, ಅಜ್ಜಿನೂ. ವೀಕೆಂಡ್ ಕೋರ್ಸ್ ಬಿಟ್ಟೆ. ಧಾರವಾಡದ ಅಣ್ಣ, ಶುಕ್ರವಾರ ಸಂಜೆ ಅರ್ಧ ಗಂಟೆ ಫೋನಲ್ಲಿ ಸಿಗ್ತೀರಾ? ಏನೇನು ಕೇಳ್ಬೇಕು ಅಂತ ಬರ್ಕೊಂಡಿದೀನಿ, ಒಂದ್ಸಲ ಓದಿ ಹೇಳ್ತೀನಿ.

ಸಾಧನಕೇರಿ_ಹುಡುಗ:

ಸಿಗತೀನಿ ಅಕ್ಕಾರ, ಆರರ ಮ್ಯಾಲೆ ಮಾಡ್ರಿ. ಜೀನೋಗ್ರಾಮ್ ಎದುರಿಗೆ ಇಟ್ಕೊಂಡಿರ್ರಿ, ಹೆಸರು ಮಾತ್ರ ಹೇಳಬ್ಯಾಡ್ರಿ.